ಕರೆ ಬಂತು, ಬ್ಯಾಂಕಿನಿಂದಲ್ಲ

ಬಿ.ಕಾಂ. ಮುಗಿಸಿ ಬ್ಯಾಂಕಿನ ಕರೆಗೆ ಕಾಯುತ್ತಿದ್ದವಳಿಗೆ ಬಂದದ್ದು ಬೇರೆಯೇ ಕರೆ. ಒಂದು ಭಾನುವಾರ ನಮ್ಮ ಚರ್ಚಿನ ಅಯ್ಯನವರ ಗಂಟಲು ಕೈಕೊಟ್ಟಿತು. ಬರೆದಿಟ್ಟ ಪ್ರಸಂಗ ಓದಲು ನನ್ನನ್ನು ಎಬ್ಬಿಸಿದರು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಕಾಗದ ಬದಿಗಿಟ್ಟು ನಾನೇ ಮಾತಾಡುತ್ತಿದ್ದೆ! ಪ್ರಸಂಗ ಶುರುವಾದೊಡನೆ ತೂಕಡಿಸುವ ನಮ್ಮಜ್ಜಿ ಅಂದು ಕೊನೆತನಕ ಕಣ್ಣು ಬಿಟ್ಟುಕೊಂಡೇ ಕೂತಿದ್ದರು. ಊರಲ್ಲಿ ಇದಕ್ಕಿಂತ ದೊಡ್ಡ ಪವಾಡ ನಾನಂತೂ ಕಂಡಿಲ್ಲ.

"ಅಮ್ಮಾ, ನಾನು ಸಭಾಪಾಲಕಿ ಆಗ್ತೇನೆ" ಅಂದಾಗ ಕಾವಲಿಯ ಮೇಲಿದ್ದ ನೀರ್‌ದೋಸೆ ಸೀದುಹೋಯಿತು. "ದೇವರು ಕರೆದದ್ದು ಸರಿ ಮಗಾ, ಗಂಡಿನ ಕಡೆಯವರು ಕರೆದರೆ ಏನು ಹೇಳುವುದು?"

ನಾನು ಇತಿಹಾಸ ತೆಗೆದೆ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮ ಸಿಎಸ್‌ಐ (ದಕ್ಷಿಣ ಭಾರತ) ಸಭೆಗೆ ಮೊದಲ ಮಹಿಳಾ ಬಿಷಪ್ ಸಿಕ್ಕಿದ್ದು 2013ರಲ್ಲಿ, ನಂದ್ಯಾಲದ ಪುಷ್ಪಲಲಿತಾ ಅವರು. ಮಿಷನ್‌ನವರ ಹಂಚು ಬೇಗ ಬಂತು, ಬಿಷಪಮ್ಮ ತಡವಾಗಿ!

ಅಜ್ಜಿ ಎಲೆಯಡಿಕೆ ಜಗಿಯುತ್ತಾ ತೀರ್ಪು ಕೊಟ್ಟರು: "ಬಿಷಪ್ಪೇ ಆಗು. ಪ್ರಸಂಗ ಮಾತ್ರ ಇಪ್ಪತ್ತು ನಿಮಿಷ ದಾಟಬಾರದು."

ಬಲ್ಮಠದ ಥಿಯಲಾಜಿಕಲ್ ಕಾಲೇಜಿಗೆ ಅರ್ಜಿ ಹಾಕಿದ್ದೇನೆ. ಬ್ಯಾಂಕಿನವರು ಇನ್ನೂ ಕರೆದಿಲ್ಲ.