ನೈನ್ ಇಲೆವೆನ್ ಆಗಿದೆಯಾ?

ಕನ್ಯಾನದಿಂದ ವಿಟ್ಲಕ್ಕೆ ಹೋಗುವ ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟಿನವರು ಮಾತಾಡುತ್ತಿದ್ದರು. "ನಿಮ್ಮದು ನೈನ್ ಇಲೆವೆನ್ ಆಗಿದೆಯಾ?" "ಎಲ್ಲಿ ಮಾರಾಯ್ರೆ, ಅದರ ಹಿಂದೆ ಓಡಿ ಓಡಿ ಚಪ್ಪಲಿ ಸವೆಯಿತು." ಬೆಂಗಳೂರಿನಿಂದ ರಜೆಗೆ ಬಂದಿದ್ದ ನನ್ನ ತಂಗಿಯ ಮಗ ಕಿವಿಯಿಂದ ಇಯರ್‌ಫೋನ್ ಕಿತ್ತು ಗಾಬರಿಯಿಂದ ನನ್ನ ಮುಖ ನೋಡಿದ. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಕಟ್ಟಡಗಳು ಉರುಳಿದ ದಿನಕ್ಕೆ ಜಗತ್ತು ಈ ಹೆಸರಿಟ್ಟಿದೆ. ನಮ್ಮ ದಕ್ಷಿಣ ಕನ್ನಡದಲ್ಲಿ ಮಾತ್ರ ಅದು ಕಟ್ಟಡ ಏಳಬೇಕಾದರೆ ಪಂಚಾಯತಿನಿಂದ ಪಡೆಯಬೇಕಾದ ನಮೂನೆ 9 ಮತ್ತು ನಮೂನೆ 11. ಹುಡುಗನಿಗೆ ಇದನ್ನು ವಿವರಿಸುವಷ್ಟರಲ್ಲಿ ವಿಟ್ಲ ಬಂತು.

ನಾನು ಹೊರಟದ್ದೂ ಅಂಥದೇ ಕೆಲಸಕ್ಕೆ. ಮನೆಯದಲ್ಲ, ಶಾಲೆಯದು. ಹಳೆ ವಿದ್ಯಾರ್ಥಿ ಸಂಘದ ಮೀಟಿಂಗಿಗೆ ತಡವಾಗಿ ಹೋದ ತಪ್ಪಿಗೆ ನನ್ನನ್ನು 'ಕಟ್ಟಡ ಅನುಮತಿಯ ಓಡಾಟ'ಕ್ಕೆ ನೇಮಿಸಿದ್ದರು. ಶಾಲೆಯ ಹೆಸರು ಹೇಳುವುದಿಲ್ಲ, ಕಚೇರಿಗಳ ಹೆಸರಂತೂ ಬಿಲ್ಕುಲ್ ಇಲ್ಲ. ಬರುವ ಸೋಮವಾರ ಮತ್ತೆ ಹೋಗಲಿಕ್ಕಿದೆ.

ನಮ್ಮ ಶಾಲೆ ಜಿಲ್ಲಾ ಬೋರ್ಡಿನ ಕಾಲದ್ದು. ಮುರಕಲ್ಲಿನ ಗೋಡೆ, ಮೇಲೆ ಪಕ್ಕಾಸು, ರೀಪು, ಹಂಚು. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಕಡೆಯ ಮುಳಿಮಾಡುಗಳೆಲ್ಲ ಒಂದೊಂದಾಗಿ ಕೆಂಪಾದವಷ್ಟೆ. ನಮ್ಮ ಮಾಡಿನಿಂದ ಜಾರಿಬಿದ್ದ ಹಂಚಿನ ಬೆನ್ನಿನಲ್ಲಿ ಕಂಪೆನಿಯ ಹೆಸರು ಇಂದಿಗೂ ಸ್ಪಷ್ಟವಾಗಿ ಓದಲು ಬರುತ್ತದೆ. ಹಂಚಿಗಿರುವ ಈ ದಾಖಲೆಯ ಭಾಗ್ಯ ಅದರ ಕೆಳಗಿರುವ ನೆಲಕ್ಕಿಲ್ಲ. ಊರಿನ ಗುತ್ತಿನ ಯಜಮಾನರು ಎಲೆಯಡಿಕೆ ಮೆಲ್ಲುತ್ತಾ, "ಆ ಗುಡ್ಡೆ ಶಾಲೆಗೆ ಇರಲಿ" ಎಂದಿದ್ದರಂತೆ. ಆ ಮಾತಿನ ಮೇಲೆ ಮೂರು ತಲೆಮಾರು ಮಗ್ಗಿ ಕಲಿತಿತು. ಈಗ ಸರ್ವೆಯರು ಬಂದು ಸರಪಳಿ ಎಳೆದರೆ, ಮುಕ್ಕಾಲು ಶಾಲೆ ವರ್ಗ ಜಾಗದಲ್ಲಿ, ಕಾಲು ಶಾಲೆ ಕುಮ್ಕಿಯಲ್ಲಿ! ಕುಮ್ಕಿ ಎಂದರೆ ಘಟ್ಟದ ಮೇಲಿನವರಿಗೆ ಅರ್ಥವಾಗಲಿಕ್ಕಿಲ್ಲ. ವರ್ಗದಾರನ, ಅಂದರೆ ಪಟ್ಟಾ ಇರುವವನ, ಜಾಗದ ಅಂಚಿನಿಂದ ನೂರು ಗಜದೊಳಗಿನ ಸರಕಾರಿ ನೆಲ. ಸೊಪ್ಪು ಸೌದೆ ತರುವ, ದನ ಮೇಯಿಸುವ ಹಕ್ಕು ಅವನದು, ನೆಲ ಸರಕಾರದ್ದು. ಅಂದರೆ ಒಂದರಿಂದ ಮೂರನೇ ಕ್ಲಾಸಿನ ತನಕ ನಾನು ಓದಿದ್ದು ದನ ಮೇಯಿಸುವ ಜಾಗದಲ್ಲಿ. ನನ್ನ ಮೇಸ್ಟ್ರು ಇದನ್ನು ಸರ್ವೆಗೆ ಮೊದಲೇ ಕಂಡುಕೊಂಡಿದ್ದರು.

ಹೊಸ ಕೋಣೆ ಕಟ್ಟಲು ಹಳೆಯದು ಬೀಳಬೇಕು, ಬೀಳುವುದಕ್ಕೂ ಅಪ್ಪಣೆ ಬೇಕು. ಕಟ್ಟಡ ಶಿಥಿಲವಾಗಿದೆ ಎಂದು ಇಂಜಿನಿಯರರ ಪ್ರಮಾಣಪತ್ರ, ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯ ನಿರ್ಣಯ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಶಿಫಾರಸು, ಅಲ್ಲಿಂದ ಮೇಲೆ ಜಿಲ್ಲಾ ಪಂಚಾಯತು. ಆಮೇಲೆ ಹಂಚೆಷ್ಟು, ಪಕ್ಕಾಸೆಷ್ಟು, ರೀಪೆಷ್ಟು ಎಂಬ ಲೆಕ್ಕ, ಬೆಲೆ, ಹರಾಜು. ನಾವು ಇದರಲ್ಲಿ ಅರ್ಧ ದಾರಿಯಲ್ಲಿದ್ದಾಗ ಆಟಿ ತಿಂಗಳ ಮಳೆಯ ಒಂದು ರಾತ್ರಿ, ರಜೆಯ ದಿನ, ಪುಣ್ಯಕ್ಕೆ ಮಕ್ಕಳಿಲ್ಲದ ಹೊತ್ತಿನಲ್ಲಿ, ಪಡುವಣ ಗೋಡೆ ಯಾರ ಸಹಿಗೂ ಕಾಯದೆ ಅರ್ಧಕ್ಕೆ ಕುಳಿತುಬಿಟ್ಟಿತು. ನಮಗೆ ಒಳಗಿಂದೊಳಗೆ ಸಮಾಧಾನ. ಹದಿನೈದು ದಿನದಲ್ಲಿ ಕಡತ ವಾಪಸು ಬಂತು: 'ಪ್ರಸ್ತಾವನೆಯಲ್ಲಿ ನಾಲ್ಕು ಗೋಡೆಗಳೆಂದು ನಮೂದಾಗಿದ್ದು, ಲಗತ್ತಿಸಿದ ಛಾಯಾಚಿತ್ರದಲ್ಲಿ ಮೂರೂವರೆ ಕಂಡುಬರುತ್ತಿದೆ. ಸ್ಪಷ್ಟೀಕರಣ ನೀಡುವುದು.'

ಸ್ಪಷ್ಟೀಕರಣ ಬರೆದದ್ದು ಕಲ್ಲಡ್ಕದ ಹೋಟೆಲಿನಲ್ಲಿ. ಬಂಟ್ವಾಳದ ಕಡೆ ಹೋಗುವಾಗ ಕಲ್ಲಡ್ಕದಲ್ಲಿ ಇಳಿದು ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯದವನ ಕೆಲಸ ಆಗುವುದಿಲ್ಲವೆಂದು ನಮ್ಮ ಸಮಿತಿಯ ಅಧ್ಯಕ್ಷರ ನಂಬಿಕೆ. ಗ್ಲಾಸಿನ ಅಡಿಯಲ್ಲಿ ಬೆಳ್ಳಗೆ ಹಾಲು, ಮೇಲೆ ಕಪ್ಪಗೆ ಡಿಕಾಕ್ಷನ್ನು. ನಡುವೆ ಗೆರೆ ಎಳೆದ ಹಾಗೆ. ಎಷ್ಟು ಹೊತ್ತು ನೋಡುತ್ತಾ ಕುಳಿತರೂ ಒಂದಕ್ಕೊಂದು ಬೆರೆಯುವುದಿಲ್ಲ. ಶಾಲೆ ಶಿಕ್ಷಣ ಇಲಾಖೆಯದು, ಕಟ್ಟುವವರು ಪಂಚಾಯತ್ ರಾಜ್ ಇಂಜಿನಿಯರಿಂಗಿನವರು, ನೆಲ ಕಂದಾಯದವರದು, ಮರ ಅರಣ್ಯದವರದು. ಎಲ್ಲ ಒಂದೇ ಗ್ಲಾಸಿನಲ್ಲಿದ್ದಾರೆ. "ಚಮಚ ಹಾಕಿ ಕಲಕುವವರು ಬೇಕು ಅಷ್ಟೆ" ಎಂದರು ಅಧ್ಯಕ್ಷರು, ನನ್ನತ್ತ ನೋಡುತ್ತಾ. ಆ ಚಮಚ ಯಾರೆಂದು ನನಗೆ ಆಗಲೇ ಗೊತ್ತಾಯಿತು.

ಇದೇ ಅಧ್ಯಕ್ಷರು ಮೂಡುಬಿದಿರೆಗೆ ಮದುವೆಗೆ ಹೋದಾಗ ಸಾವಿರ ಕಂಬದ ಬಸದಿಯ ಎದುರು ಸುಮಾರು ಹೊತ್ತು ನಿಂತಿದ್ದರು. ಭಕ್ತಿಯಿಂದ ಎಂದುಕೊಂಡೆ. "1430ರಲ್ಲಿ ಕಟ್ಟಿದ್ದಂತೆ. ಇದಕ್ಕೆ ಪ್ಲಾನ್ ಪಾಸು ಮಾಡಿದ್ದು ಯಾರು?" ಎಂದರು. ವಿಜಯನಗರದ ದೇವರಾಯನ ಕಾಲ, ಒಳಗೆ ಶಾಸನಗಳಿವೆ ಎಂದೆ. "ಹಾಗಾದರೆ ಆದೇಶದ ಪ್ರತಿ ಕಲ್ಲಿನಲ್ಲೇ ಇದೆ, ಜೆರಾಕ್ಸ್ ಕೇಳುವ ಹಾಗಿಲ್ಲ" ಎಂದು ನಿಟ್ಟುಸಿರು ಬಿಟ್ಟರು.

ನನಗೆ ಸೋಲುವ ಮನಸ್ಸಾದಾಗೆಲ್ಲ ನೆನಪಾಗುವುದು ಹರೇಕಳ ಹಾಜಬ್ಬ. ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ರೇಟು ಕೇಳಿದಾಗ ಹೇಳಲು ಬಾರದೆ ಹೋದದ್ದು ಅವರ ಮನಸ್ಸಿನಲ್ಲಿ ಉಳಿಯಿತು. ಊರಿನ ಮಕ್ಕಳಿಗೆ ಹೀಗಾಗಬಾರದೆಂದು ಕಚೇರಿ ಕಚೇರಿ ಅಲೆದು ನ್ಯೂಪಡ್ಪುವಿಗೆ 2000ದಲ್ಲಿ ಶಾಲೆ ತಂದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಎಲ್ಲರೂ ಕಿತ್ತಳೆಯ ಕತೆ ಹೇಳುತ್ತಾರೆ. ನನ್ನ ಮಟ್ಟಿಗೆ ದೊಡ್ಡ ಕತೆ ಆ ಅಲೆದಾಟದ್ದು. ಓದಲು ಬಾರದ ಮನುಷ್ಯ ಅರ್ಜಿ ಹಿಡಿದು ಕೌಂಟರಿನಿಂದ ಕೌಂಟರಿಗೆ ಹೋಗುವುದನ್ನು ಕಣ್ಣಮುಂದೆ ತಂದುಕೊಳ್ಳಿ. ನನಗೆ ಓದಲು ಬರುತ್ತದೆ. ಓದಿದರೂ 'ಸೂಕ್ತ ಕ್ರಮಕ್ಕಾಗಿ ಮೂಲದಲ್ಲಿಯೇ ಹಿಂದಿರುಗಿಸಿದೆ' ಎಂದರೆ ಹೌದೋ ಅಲ್ಲವೋ ಎಂದು ತಿಳಿಯುವುದಿಲ್ಲ.

ಹಾಗೆಂದು ಕಾನೂನೇ ಬೇಡವೆನ್ನುವಷ್ಟು ನಾನು ಹುಂಬನಲ್ಲ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಬೆಂಕಿ ಗರಿಮಾಡಿಗೆ ಹತ್ತಿ 94 ಮಕ್ಕಳು ಹೋದರು. ಸುರಕ್ಷತೆ ನೋಡಿಯೇ ಶಾಲೆ ನಡೆಯಬೇಕೆಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದ್ದು ಆ ಮಕ್ಕಳ ಕಾರಣಕ್ಕೆ. ಗಡಿಯಾಚೆ ಬಾಯಾರಿನಲ್ಲಿರುವ ನನ್ನ ಭಾವನ ಶಾಲೆಯಲ್ಲಿ, ಅದು ಕೇರಳವಾದ್ದರಿಂದ, ವರ್ಷ ವರ್ಷವೂ ಶಾಲೆ ಆರಂಭವಾಗುವ ಮೊದಲು 'ಫಿಟ್‌ನೆಸ್' ಸರ್ಟಿಫಿಕೇಟು ಆಗಬೇಕು. "ಕಟ್ಟಡದ್ದು ಆಯಿತು, ಹೆಡ್‌ಮೇಸ್ಟ್ರದ್ದು ಮಾತ್ರ ಬಾಕಿ" ಎನ್ನುತ್ತಾನೆ ಭಾವ. ಅವನೇ ಹೆಡ್‌ಮೇಸ್ಟ್ರು.

ಅಂತೂ ಎಲ್ಲ ಮುಗಿಯಿತು ಎನ್ನುವಾಗ ಹಲಸಿನ ಮರ ಎದ್ದು ನಿಂತಿತು. ಎದ್ದು ನಿಂತದ್ದು ಅರುವತ್ತು ಎಪ್ಪತ್ತು ವರ್ಷದ ಹಿಂದೆಯೇ. ನಕ್ಷೆಯಲ್ಲಿ ಈಗ ಕಾಣಿಸಿತು. ಹೊಸ ಕೋಣೆಯ ಈಶಾನ್ಯ ಕಂಬ ಸರಿಯಾಗಿ ಅದರ ಹೊಟ್ಟೆಯೊಳಗೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ, ಅರಣ್ಯ ಇಲಾಖೆ, ಸುತ್ತಳತೆ, ಮೌಲ್ಯ, ಮತ್ತೆ ಹರಾಜು. ಮರದ ಬುಡಕ್ಕೆ ಅಳತೆ ಟೇಪು ಸುತ್ತಿ, ಬಿಳಿ ಪೈಂಟಿನಲ್ಲಿ '1' ಎಂದು ಬರೆದು ಹೋದರು. ಮರುದಿನ ಒಂದನೇ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ, ಟೀಚರ್ "ನಂಬ್ರ ಒಂದು" ಎಂದ ಕೂಡಲೇ, ಎಲ್ಲರೂ ಕಿಟಕಿಯತ್ತ ತಿರುಗಿ ಮರದ ಪರವಾಗಿ "ಪ್ರೆಸೆಂಟ್ ಟೀಚರ್" ಎಂದರಂತೆ. ನಿಜವಾದ ಒಂದನೇ ನಂಬ್ರದ ಹುಡುಗಿ ಅತ್ತೇಬಿಟ್ಟಳು.

ಆ ಮೇಲೆ ಕಡಿಯುವುದು ಯಾರಿಂದಾಗುತ್ತದೆ? ಕಂಬವನ್ನೇ ನಾಲ್ಕು ಅಡಿ ಸರಿಸುವುದೆಂದು ಸಭೆ ತೀರ್ಮಾನಿಸಿತು. ಕಂಬ ಸರಿದರೆ ನಕ್ಷೆ ಬದಲು, ನಕ್ಷೆ ಬದಲಾದರೆ ಅಂದಾಜುಪಟ್ಟಿ ಬದಲು, ಅಂದಾಜುಪಟ್ಟಿ ಬದಲಾದರೆ ಕಡತ ಮೊದಲಿನ ಮೆಟ್ಟಿಲಿಗೆ. ಪರಿಷ್ಕೃತ ಪ್ರಸ್ತಾವನೆ ಜೋಡಿಸಿದ್ದು ಶಾಲೆಯ ಜಗಲಿಯಲ್ಲಿ. ಪಕ್ಕದಲ್ಲೇ ಮಕ್ಕಳಿಗೆಂದು ಅದೇ ಮರದ ಹಣ್ಣು ಕೊಯ್ಯುತ್ತಿದ್ದರು. ಗಟ್ಟಿ ಸೊಳೆಯ ಬಕ್ಕೆಯೋ ಮೆತ್ತನೆಯ ತುಳುವೆಯೋ ಎಂದು ನೋಡದೆ ನಾನೂ ನಾಲ್ಕು ಸೊಳೆ ಬಾಯಿಗೆ ಹಾಕಿಕೊಂಡೆ. ಕೈಯ ಮೇಣ ಹಾಳೆಗೆ ತಾಗಿ ಮೂರನೇ ಪುಟ ನಾಲ್ಕನೆಯದಕ್ಕೆ ಅಂಟಿಕೊಂಡಿತು. ಬಿಸಿಯೂಟದ ಅಕ್ಕ ತೆಂಗಿನೆಣ್ಣೆ ಹಚ್ಚಿ ಬಿಡಿಸಿಕೊಟ್ಟರು. ಅಂದಾಜುಪಟ್ಟಿಯ ಒಟ್ಟು ಮೊತ್ತದ ಮೇಲೆ ಐದು ರೂಪಾಯಿ ನಾಣ್ಯದಷ್ಟಗಲ ಎಣ್ಣೆಯ ಕಲೆ.

ಮತ್ತೆ ಟೈಪು ಮಾಡಿಸಲು ಹೊತ್ತಿರಲಿಲ್ಲ. ಬಸ್ಸು ಹತ್ತಿ, ಕೆ.ಟಿ. ಕುಡಿದು, ಕಚೇರಿಯಲ್ಲಿ ಕಡತ ಇಟ್ಟೆ. ಗುಮಾಸ್ತರು ಒಂದೊಂದೇ ಪುಟ ಮಗುಚಿದರು. ಮೂರನೆಯದಕ್ಕೆ ಬಂದವರು ನಿಂತರು. ನನ್ನ ಎದೆ ಡವಗುಟ್ಟಿತು. ಅವರು ಹಾಳೆಯನ್ನು ಬೆಳಕಿಗೆ ಹಿಡಿದರು, ಮೂಗಿನ ಹತ್ತಿರ ತಂದರು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಬಕ್ಕೆಯಾ, ತುಳುವೆಯಾ?"