ನಿಂತ ಜೀಪಿನ ಪ್ರಯಾಣಿಕರು

ನಮ್ಮ ಹಳೇ ಮಹೀಂದ್ರ ಜೀಪಿಗೆ ಹಾರ್ನ್ ಬೇಕಾಗಿರಲಿಲ್ಲ. ಸಾಸ್ವೆಹಳ್ಳಿ ತಿರುವಿನಲ್ಲಿ 'ಕಟಕ್' ಎಂದರೆ ಮನೆಯಲ್ಲಿ ಚಹಾಕ್ಕೆ ನೀರಿಡುತ್ತಿದ್ದರು. ಸ್ಪ್ರಿಂಗ್ ಪ್ಲೇಟಿನ ತುದಿಯ ರಬ್ಬರ್ ಬುಷ್ ಸವೆದು, ಬೋಲ್ಟು ಕಬ್ಬಿಣಕ್ಕೆ ಬಡಿಯುವ ಸದ್ದದು. "ಗುಜರಿಗೆ ಹಾಕ್ರಿ" ಅಂದಳು ಹೆಂಡತಿ. ನಾನು ಶಿವಮೊಗ್ಗಕ್ಕೆ ಹೋಗಿ ಬುಷ್ ತಂದೆ.

ತುಕ್ಕು ಹಿಡಿದ ಬೋಲ್ಟು ಬಿಚ್ಚಿದ್ದು, ಹಳೇ ರಬ್ಬರ್ ಸುಟ್ಟು ತೆಗೆದದ್ದು, ಆ ನಾತಕ್ಕೆ ಪಕ್ಕದ ಮನೆಯವರು ಕಿಟಕಿ ಮುಚ್ಚಿದ್ದು, ಹೊಸದಕ್ಕೆ ಸೋಪು ನೀರು ಸವರಿ ವೈಸಿನಲ್ಲಿ ಒತ್ತಿದ್ದು ಎಲ್ಲ ಹಾಗಿರಲಿ. ಮಜಾ ಇದ್ದದ್ದು ಕೊನೆಯ ಬಿಗಿಯಲ್ಲಿ. ಚಕ್ರ ನೇತಾಡುವಾಗ ನಟ್ಟು ಬಿಗಿದರೆ, ಗಾಡಿ ಇಳಿಸಿದೊಡನೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಹಾಗಾಗಿ ನೆಲಕ್ಕಿಳಿಸಿ, ಭಾರ ಬಿದ್ದ ಮೇಲೇ ಬಿಗಿಯಬೇಕು.

ಅಷ್ಟರಲ್ಲಿ ಸಲಹಾ ಸಮಿತಿ ನೆರೆದಿತ್ತು. ಸ್ಪ್ಯಾನರ್ ಮುಟ್ಟುವವರಿಲ್ಲ, ಬಾಯಿ ಮುಚ್ಚುವವರೂ ಇಲ್ಲ. "ಭಾರ ಬೇಕು, ಎಲ್ರೂ ಹತ್ತಿ" ಅಂದೆ. ಜೀಪಿನ ಸ್ವಂತ ಭಾರವೇ ಸಾಕಿತ್ತು, ಅದನ್ನು ಹೇಳಲಿಲ್ಲ. ಪಂಚೆ ಎತ್ತಿಕೊಂಡು ಹಿರಿಯರು ಮುಂದೆ ಕೂತರು, ಉಳಿದವರು ಹಿಂದೆ ಒತ್ತರಿಸಿಕೊಂಡರು. ಅಡಿಯಲ್ಲಿ ನಾನು ಅಂಗಾತ ಮಲಗಿ ನಟ್ಟು ತಿರುಗಿಸುತ್ತಿದ್ದರೆ, ಮೇಲೆ ಅಡಿಕೆ ರೇಟು ಏರಿ ಇಳಿಯಿತು, ನಾಲೆಗೆ ನೀರು ಬಿಡುವ ದಿನ ನಿಶ್ಚಯವಾಯಿತು, ಯಾರದೋ ಮಗನಿಗೆ ಹೆಣ್ಣೂ ಗೊತ್ತಾಯಿತು. ಒಬ್ಬರು ಕಂಬಿ ಹಿಡಿದು ಕೂತಿದ್ದರು, ತಿರುವಿನಲ್ಲಿ ಬೀಳದಂತೆ. ಇನ್ನೊಬ್ಬರು ತೂಕಡಿಸಿ ಎದ್ದು, "ಹೊನ್ನಾಳಿ ಬಂತಾ?" ಅಂದರು. ನಾನು ಹೊರಬಂದು ಇಳಿಯಿರೆಂದರೆ ಹಿರಿಯರಿಗೆ ಬೇಸರ. "ಹೆಂಗೂ ಕೂತೀವಿ, ಬಸ್ ಸ್ಟ್ಯಾಂಡಿಗೆ ಬಿಟ್‌ಬಿಡಪ್ಪಾ." ಬಸ್ ಸ್ಟ್ಯಾಂಡು ಎದುರಿಗೇ ಕಾಣುತ್ತಿತ್ತು.

ಸದ್ದಿನ ಬೇಸರಕ್ಕೇ ಇಷ್ಟೆಲ್ಲ ಮಾಡಿದೆ ಎಂದುಕೊಳ್ಳಬೇಡಿ. ಬುಷ್ ಸಡಿಲವಾದರೆ ಆಕ್ಸಲ್ ಅತ್ತಿತ್ತ ಸರಿಯುತ್ತದೆ. ಬ್ರೇಕ್ ತುಳಿದಾಗ ಜೀಪು ಎಡಕ್ಕೆ ಎಳೆಯುತ್ತಿತ್ತು. ಭದ್ರಾ ನಾಲೆ ಏರಿಯ ಮೇಲೆ, ತೋಟಕ್ಕೆ ಹೋಗುವಾಗ ನನ್ನ ಎಡಕ್ಕಿರುವುದು ನೀರು. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ.

ಇಳಿಯುತ್ತಾ ಹಿರಿಯರು, "ಗ್ರೀಸ್ ಹೊಡೀಲೇ ಇಲ್ವಲ್ಲೋ" ಎಂದರು. ಅವರ ಕಾಲಕ್ಕೆ ಅದು ಸರಿ. ಮಹೀಂದ್ರ ಮೊದಮೊದಲು ಜೋಡಿಸಿದ ವಿಲ್ಲೀಸ್ ಜೀಪುಗಳಲ್ಲಿ ಸ್ಪ್ರಿಂಗ್ ತುದಿಯ ಶಾಕಲ್‌ಗೆ ಥ್ರೆಡ್ಡಿನ ಲೋಹದ ಬುಷ್, ಅದಕ್ಕೆ ಗ್ರೀಸ್ ನಿಪ್ಪಲ್. ನಿಮ್ಮದು ರಬ್ಬರಿನದಾದರೆ ಮಾಮೂಲಿ ಗ್ರೀಸ್ ಹಚ್ಚಬೇಡಿ, ಉಬ್ಬಿ ಮೆತ್ತಗಾಗುತ್ತದೆ. ಎಷ್ಟೇ ಹಿರಿಯರು ಹೇಳಲಿ, ಹಚ್ಚಬೇಡಿ.