ಕದಳೀಪ್ರಮಾಣ ಮೀಮಾಂಸೆ: ಒಂದು ಚಿಪ್ಪು ಬಾಳೆಹಣ್ಣು ಕೊಳ್ಳುವ ಶಾಸ್ತ್ರ

ಬಾಳೆಹಣ್ಣು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ನಗರವಾಸಿಗಳಲ್ಲಿ ಮೂರು ಮತಗಳಿವೆ. ತಳ್ಳುಗಾಡಿಯಿಂದ ಎನ್ನುವವರು ಗಾಡಿವಾದಿಗಳು. ಗಾಡಿಗೂ ಮೂಲ ಮಂಡಿಯೇ ಎನ್ನುವವರು ಮಂಡಿವಾದಿಗಳು. ಮೊಬೈಲು ಒತ್ತಿದ ಹತ್ತು ನಿಮಿಷಕ್ಕೆ ಬಾಗಿಲಲ್ಲಿ ಪ್ರತ್ಯಕ್ಷವಾಗುವುದರಿಂದ ಅದು ಸ್ವಯಂಭು ಎನ್ನುವವರು ನವ್ಯರು. ಮೂರನ್ನೂ ಪೂರ್ವಪಕ್ಷವೆಂದು ಬದಿಗಿಟ್ಟು, ಭಾಟ್ಟ ಮೀಮಾಂಸಕರು ಒಪ್ಪಿದ ಆರು ಪ್ರಮಾಣಗಳಿಂದ ಒಂದು ಚಿಪ್ಪನ್ನು ಪರೀಕ್ಷಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲನೆಯದು ಪ್ರತ್ಯಕ್ಷ. ಇದು ಆರಂಭದಲ್ಲೇ ಕೈಕೊಡುತ್ತದೆ. ಕಣ್ಣಿಗೆ ಮರವಾಗಿ ಕಾಣುವ ಬಾಳೆ ಮರವಲ್ಲ. ಅದರ ಕಾಂಡವೆಂಬುದು ಒಂದರೊಳಗೊಂದು ಸುತ್ತಿಕೊಂಡ ಎಲೆಬುಡಗಳ ಕಟ್ಟು. ಇನ್ನು ಹಣ್ಣು, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೆರ್ರಿ. ಸ್ಟ್ರಾಬೆರ್ರಿ ಆ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ಅನುಮಾನ. ಹೊಗೆಯಿದ್ದಲ್ಲಿ ಬೆಂಕಿ ಎಂದರು ತಾರ್ಕಿಕರು. ಗೊನೆಯನ್ನು ಗುಂಡಿಯಲ್ಲಿಟ್ಟು ಹೊಗೆ ಹಾಕಿ ಹಣ್ಣು ಮಾಡುತ್ತಿದ್ದ ಹಳ್ಳಿಯವರು ಇದನ್ನು ತಿದ್ದಿ, ಹೊಗೆಯಿದ್ದಲ್ಲಿ ಬಾಳೆಹಣ್ಣು ಎಂದು ಸಾಧಿಸಿದ್ದರು. ಇದಕ್ಕಿಂತ ದೊಡ್ಡ ಅನುಮಾನ ನಡೆದದ್ದು ನ್ಯೂಗಿನಿಯ ಎತ್ತರದ ಕಣಿವೆಯ ಕುಕ್ ಎಂಬ ಜೌಗುನೆಲದಲ್ಲಿ. ಅಲ್ಲಿ ಹಣ್ಣೂ ಇರಲಿಲ್ಲ, ಸಿಪ್ಪೆಯೂ ಇರಲಿಲ್ಲ. ಬಾಳೆ ಗಿಡ ಮಣ್ಣಿಗೆ ಬಿಟ್ಟುಹೋದ ಸೂಕ್ಷ್ಮ ಸಿಲಿಕಾ ಕಣಗಳಿದ್ದವು. ಅಷ್ಟರಿಂದಲೇ, ಸುಮಾರು 7,000 ವರ್ಷಗಳ ಹಿಂದೆ ಅಲ್ಲಿ ಜನ ಬಾಳೆ ಬೆಳೆಯುತ್ತಿದ್ದರೆಂದು ಪುರಾತತ್ತ್ವಜ್ಞರು ನಿರ್ಣಯಿಸಿದರು. ಗಾಡಿ ಆಗಿನ್ನೂ ಹುಟ್ಟಿರಲಿಲ್ಲವಾದ್ದರಿಂದ ಗಾಡಿವಾದ ಇಲ್ಲಿಗೆ ಖಂಡಿತವಾಯಿತು.

ಮೂರನೆಯದು ಉಪಮಾನ. ಹಸುವಿನಂತಿರುವುದು ಗವಯ ಎಂದು ಕೇಳಿದವನು ಕಾಡಿನಲ್ಲಿ ಗವಯವನ್ನು ಗುರುತಿಸುವಂತೆ, ಬಾಳೆಯಂತಿರುವುದು ಕಲ್ಲುಬಾಳೆ ಎಂದು ಕೇಳಿದವನು ಪಶ್ಚಿಮಘಟ್ಟದ ಬಂಡೆಗಳ ಸಂದಿಯಲ್ಲಿ ಅದನ್ನು ಗುರುತಿಸುತ್ತಾನೆ. ಕಚ್ಚಿ ನೋಡಿದರೆ ಬಾಯಿತುಂಬ ಕಲ್ಲಿನಂಥ ಬೀಜ.

ನಾಲ್ಕನೆಯ ಪ್ರಮಾಣ ಶಬ್ದ, ಅಂದರೆ ಆಪ್ತವಾಕ್ಯ. ‘ನಾಟಿ ಸಾರ್, ನಮ್ಮ ಕಡೆ ತೋಟದ್ದೇ’ ಎನ್ನುತ್ತಾನೆ ವ್ಯಾಪಾರಿ, ಚಾಕುವಿನಿಂದ ಗೊನೆಯ ದಿಂಡಿಗೆ ಒಂದೇಟು ಹಾಕಿ ಚಿಪ್ಪನ್ನು ತಕ್ಕಡಿಗಿಡುತ್ತ. ಆ ಚಿಪ್ಪು ಜಿ-9 ತಳಿಯದಾಗಿದ್ದರೆ ಅದು ಕ್ಯಾವೆಂಡಿಶ್ ಬಳಗದ್ದು. ಬಳಗಕ್ಕೆ ಆ ಹೆಸರು ಬಂದದ್ದು ಇಂಗ್ಲೆಂಡಿನ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್‌ನಿಂದ. 1830ರ ದಶಕದಲ್ಲಿ ಅವನ ಚಾಟ್ಸ್‌ವರ್ತ್ ಬಂಗಲೆಯ ಗಾಜಿನ ಮನೆಯಲ್ಲಿ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಅದನ್ನು ಬೆಳೆಸಿದ್ದ. ‘ನಾಟಿ’ ಹೀಗೆ ಬಿದ್ದುಹೋದರೂ ‘ತೋಟದ್ದೇ’ ನಿಲ್ಲುತ್ತದೆ: ಜಗತ್ತಿನ ಬಾಳೆಯಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಬೆಳೆಯುತ್ತದೆ, ಬಹುಪಾಲು ಇಲ್ಲೇ ಖರ್ಚಾಗುತ್ತದೆ. ಯುರೋಪಿನಲ್ಲಿ ಆಪ್ತವಾಕ್ಯವನ್ನು ಹಣ್ಣಿನ ಮೇಲೆಯೇ ಅಂಟಿಸುತ್ತಾರೆ. ನ್ಯಾಯಬೆಲೆ ವ್ಯಾಪಾರದ ಮುದ್ರೆ ಹೊತ್ತ ಬಾಳೆ 1996ರಲ್ಲಿ ನೆದರ್ಲೆಂಡ್ಸಿಗೆ ಬಂತು. ಆ ಮುದ್ರೆಯ ಹಿಂದೆ ತಮಾಷೆಯಲ್ಲದ ಚರಿತ್ರೆಯಿದೆ: 1928ರಲ್ಲಿ ಕೊಲಂಬಿಯಾದ ಸಿಯೆನಗಾದಲ್ಲಿ ಯುನೈಟೆಡ್ ಫ್ರೂಟ್ ಕಂಪನಿಯ ಬಾಳೆತೋಟದ ಕೂಲಿಗಳು ಮುಷ್ಕರ ಹೂಡಿದಾಗ ಸೈನ್ಯ ಅವರ ಮೇಲೆ ಗುಂಡು ಹಾರಿಸಿತ್ತು.

ಐದನೆಯದಾದ ಅರ್ಥಾಪತ್ತಿಗೆ ಶಾಸ್ತ್ರದ ಉದಾಹರಣೆ ಪ್ರಸಿದ್ಧ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ; ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಪಚ್ಚಬಾಳೆ ಸುಮಾರು 24 ಡಿಗ್ರಿ ಮೀರಿದ ಬಿಸಿಯಲ್ಲಿ ಮಾಗಿದರೆ ಒಳಗೆ ಹಣ್ಣಾದರೂ ಸಿಪ್ಪೆ ಪೂರ್ತಿ ಹಳದಿಯಾಗದು. ಹಸಿರು ಸಿಪ್ಪೆಯ ಹಣ್ಣನ್ನೇ ಹಿರಿಯರು ತಿಂದದ್ದು. ಈಗ ಬೇಸಿಗೆಯಲ್ಲೂ ಗಾಡಿಯಲ್ಲಿ ಅರಿಸಿನ ಬಳಿದಂತೆ ಹಳದಿ. ಆದ್ದರಿಂದ ಅದು ಎಲ್ಲೋ ತಣ್ಣನೆಯ ಕೋಣೆಯಲ್ಲಿ ಮಲಗಿ ಎದ್ದು ಬಂದಿದೆ. ಮಲಗಿದ್ದು ತಪ್ಪಲ್ಲ. ಎಥಿಲೀನ್ ಅನಿಲ ಹಣ್ಣು ತಾನೇ ಬಿಡುವಂಥದ್ದು. ಕೋಣೆಯಲ್ಲಿ 100 ಪಿಪಿಎಂವರೆಗೆ ಅದನ್ನು ಬಳಸಲು ಆಹಾರ ಸುರಕ್ಷತಾ ಪ್ರಾಧಿಕಾರದ ಒಪ್ಪಿಗೆಯಿದೆ. ನಿಷೇಧವಿರುವುದು ಕ್ಯಾಲ್ಸಿಯಂ ಕಾರ್ಬೈಡಿಗೆ, ಏಕೆಂದರೆ ಅದರಲ್ಲಿ ಆರ್ಸೆನಿಕ್, ರಂಜಕಗಳ ಕಲಬೆರಕೆ ಇರುತ್ತದೆ. ತೊಟ್ಟು ಹಸಿರಿದ್ದರೆ ಕಾರ್ಬೈಡೇ ಎಂದು ಗಾಡಿಯ ಮುಂದೆ ತೀರ್ಪು ಕೊಡುವವರು ಹೇತ್ವಾಭಾಸಕ್ಕೆ ಸಿಕ್ಕಿಬೀಳುತ್ತಾರೆ. ಎಥಿಲೀನಿನಲ್ಲಿ ಮಾಗಿದ್ದಕ್ಕೂ ಮೊದಲೆರಡು ದಿನ ತೊಟ್ಟು ಹಸಿರೇ.

ಕೊನೆಯದು ಅನುಪಲಬ್ಧಿ: ಇಲ್ಲದಿರುವುದರಿಂದಲೇ ಹುಟ್ಟುವ ಜ್ಞಾನ. ಪಚ್ಚಬಾಳೆ ಸುಲಿದಾಗ ಏನು ಕಾಣುವುದಿಲ್ಲ? ಬೀಜ. ವರ್ಣತಂತುಗಳು ಎರಡರ ಬದಲು ಮೂರು ಗುಂಪಿರುವುದರಿಂದ ಅದಕ್ಕೆ ಬೀಜ ಕಟ್ಟುವುದಿಲ್ಲ. ಕಂದು ಕಿತ್ತು ನೆಡಬೇಕು, ಇಲ್ಲವೇ ಅಂಗಾಂಶ ಕೃಷಿಯ ಸಸಿ ತರಬೇಕು. ಹೀಗಾಗಿ ತೋಟದ ಅಷ್ಟೂ ಗಿಡ ಒಂದೇ ಗಿಡದ ಪಡಿಯಚ್ಚು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ. ಜಗತ್ತಿನ ಪೇಟೆಯನ್ನು ಆಳುತ್ತಿದ್ದ ಗ್ರೋ ಮಿಶೆಲ್ ತಳಿಯನ್ನು ಪನಾಮಾ ಸೊರಗು ರೋಗ 1960ರ ಹೊತ್ತಿಗೆ ಪೇಟೆಯಿಂದ ಎಬ್ಬಿಸಿತು. ಆ ಜಾಗದಲ್ಲಿ ಕ್ಯಾವೆಂಡಿಶ್ ಬಂದು ಕೂತಿತು. ಈಗ ಆ ರೋಗ ತರುವ ಶಿಲೀಂಧ್ರದ ಟಿಆರ್-4 ಎಂಬ ಹೊಸ ರೂಪ ಕ್ಯಾವೆಂಡಿಶನ್ನೂ ಹಿಡಿದಿದೆ. 2019ರಲ್ಲಿ ಕೊಲಂಬಿಯಾ ತಲುಪಿತು, ಭಾರತದಲ್ಲೂ ಕಾಣಿಸಿಕೊಂಡಿದೆ. ನಂಜನಗೂಡು ರಸಬಾಳೆಯ ತೋಟಗಳು ಕರಗಿದ್ದೂ ಇದೇ ಸೊರಗು ರೋಗದಿಂದ. ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಕೂತಿರುತ್ತದೆ, ಯಾವ ನೋಟಿಸಿಗೂ ಜಾಗ ಖಾಲಿ ಮಾಡುವುದಿಲ್ಲ.

ಇಷ್ಟರಿಂದ ವಿಧಿವಾಕ್ಯಗಳು ಸಿದ್ಧಿಸುತ್ತವೆ. ಒಂದೇ ತಳಿಗೆ ಜೋತುಬೀಳಕೂಡದು: ಈ ವಾರ ಏಲಕ್ಕಿ, ಮುಂದಿನ ವಾರ ಪಚ್ಚಬಾಳೆ, ಸಿಕ್ಕಾಗ ಕಮಲಾಪುರದ ಕೆಂಪು ಬಾಳೆ, ಪುಣ್ಯವಿದ್ದರೆ ರಸಬಾಳೆ. ಕೊನೆಯ ಎರಡಕ್ಕೂ ಭೌಗೋಳಿಕ ಸೂಚಕದ ಮನ್ನಣೆಯಿದೆ. ಕೊಳ್ಳುವವರಿದ್ದರೆ ಬೆಳೆಯುವವರೂ ಇರುತ್ತಾರೆ. ಮಾಗಿದ ರಸಬಾಳೆ ಚಿಪ್ಪಿನಿಂದ ಉದುರುವುದು ಜಾತಿಗುಣ, ಅದಕ್ಕೆ ದರ ಇಳಿಸೆನ್ನುವುದು ಅಧರ್ಮ. ಗೌರಿ-ಗಣೇಶನ ಹಿಂದಿನ ದಿನ ಏಲಕ್ಕಿಯ ದರ ಕೇಳಿ ಎದೆ ಹಿಡಿದುಕೊಳ್ಳುವವರು, ಆ ಕಂದು ನೆಟ್ಟು ವರ್ಷದ ಮೇಲಾಯಿತೆಂಬುದನ್ನೂ, ದರ ಕುಸಿದ ದಿನ ತಾವು ಮಂಡಿಯ ಕಡೆ ತಲೆಹಾಕಿರಲಿಲ್ಲವೆಂಬುದನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು. ಒತ್ತಿ ನೋಡಿ ಬಿಟ್ಟುಹೋಗುವುದು ಮಹಾಪಾತಕ.

ಹೆಚ್ಚು ಕೊಂಡು ಹಣ್ಣು ಕಪ್ಪಾದರೆ ಪ್ರಾಯಶ್ಚಿತ್ತವುಂಟು. ಕರಾವಳಿಯ ಸ್ಮೃತಿಯ ಪ್ರಕಾರ ಅದನ್ನು ಕಿವುಚಿ, ಸಕ್ಕರೆ, ಮೊಸರು, ಜೀರಿಗೆ, ಚಿಟಿಕೆ ಸೋಡಾ ಹಾಕಿ ಮೈದಾದಲ್ಲಿ ಕಲಸಿ, ರಾತ್ರಿಯಿಡೀ ಮುಚ್ಚಿಟ್ಟು, ಬೆಳಗ್ಗೆ ದಪ್ಪಗೆ ಲಟ್ಟಿಸಿ ಎಣ್ಣೆಯಲ್ಲಿ ಉಬ್ಬಿಸಿದರೆ ಬನ್ಸ್. ಎಷ್ಟು ಬನ್ಸಿಗೆ ಪಾಪ ಕಳೆಯುತ್ತದೆ ಎಂಬಲ್ಲಿ ಮತಭೇದವಿದೆ. ಎರಡು ಸಾಕೆಂಬ ಪಕ್ಷಕ್ಕೆ ಆರರಲ್ಲಿ ಒಂದು ಪ್ರಮಾಣವೂ ದೊರೆತಿಲ್ಲ.